ಗಾಳಿಯ ಭಾರವೂ ಬಾವಿಯ ಪಂಪೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಶಿವರಾತ್ರಿ ಕಳೆದು ಪತ್ತನಾಜೆ ಬರುವುದರೊಳಗೆ ಬಹಳ ಕೆಳಗಿಳಿಯುವುದುಂಟು. ಆಗ ದಂಡೆಯ ಮೇಲಿಟ್ಟ ಪಂಪು ತಿರುಗುತ್ತಲೇ ಇದ್ದರೂ ನೀರು ಬಾರದು. ಅಡಿಕೆ ತೋಟವು ಬಾಡತೊಡಗಲು, ಯಜಮಾನನು ಯಂತ್ರವೇ ಕೆಟ್ಟಿತೆಂದು ಬಗೆದು ಹೆಚ್ಚಿನ ಅಶ್ವಶಕ್ತಿಯುಳ್ಳ ಇನ್ನೊಂದನ್ನು ಸಾಲಮಾಡಿ ತರುವನು. ಅದೂ ನೀರೆತ್ತುವುದಿಲ್ಲ. ತಪ್ಪಿರುವುದು ಪಂಪನ್ನಿಟ್ಟ ಸ್ಥಳದಲ್ಲಿ.

ಪಂಪು ನೀರನ್ನು ಎಳೆಯುವುದೆಂಬ ಮಾತು ರೂಢಿಯಲ್ಲಿದ್ದರೂ ಸರಿಯಾದುದಲ್ಲ. ಅದು ಹೀರುಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುವುದು, ಅಷ್ಟೆ. ಬಾವಿಯ ನೀರಿನ ಮೇಲೆ ಬಿದ್ದಿರುವ ಹೊರಗಾಳಿಯ ಭಾರವೇ ನೀರನ್ನು ಕೊಳವೆಯೊಳಗೆ ಒತ್ತಿ ಏರಿಸುವುದು. ಸಮುದ್ರಮಟ್ಟದಲ್ಲಿ ಈ ಭಾರವು ಚದರಂಗುಲಕ್ಕೆ ಸುಮಾರು ೧೪.೭ ಪೌಂಡು, ಅಂದರೆ ೩೪ ಅಡಿ ನೀರಿನ ಕಂಬಕ್ಕೆ ಸಮ. ಅದಕ್ಕಿಂತ ಮೇಲಕ್ಕೆ ಹೀರುವುದು ಎಷ್ಟು ಬೆಲೆಯ ಪಂಪಿಗೂ ಸಾಧ್ಯವಿಲ್ಲ.

ಈ ಭಾರವಾದರೂ ಎಲ್ಲೆಡೆಯೂ ಒಂದೇ ಆಗಿರದು. ಬೈಹುಲ್ಲಿನ ಮೆದೆಯಲ್ಲಿ ತಳದ ಹುಲ್ಲು ಮೇಲಿನ ಹೊರೆಯನ್ನೆಲ್ಲ ಹೊತ್ತು ಅಮುಕಿಕೊಂಡಿರುವುದು. ತುದಿಯ ಹುಲ್ಲು ಸಡಿಲವಾಗಿರುವುದು. ಗಾಳಿಯೂ ಹಾಗೆಯೇ. ಏರಿದಷ್ಟೂ ತಲೆಯ ಮೇಲಿನ ಗಾಳಿಯ ರಾಶಿಯು ಕಡಿಮೆಯಾಗಿ ಒತ್ತಡವೂ ಕುಗ್ಗುವುದು. ೧೬೪೮ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ವಿದ್ವಾಂಸನ ಅಕ್ಕನ ಗಂಡನು ಪಾದರಸದ ಕೊಳವೆಯನ್ನು ಬೆಟ್ಟದ ಮೇಲಕ್ಕೆ ಒಯ್ದು ನೋಡಲು, ಪಾದರಸವು ಸುಮಾರು ೩ ಅಂಗುಲ ಇಳಿದಿತ್ತು. ಬೆಳ್ತಂಗಡಿಯ ಉತ್ತರದ ಕುದುರೆಮುಖವು ಆ ಬೆಟ್ಟಕ್ಕಿಂತಲೂ ಎತ್ತರವಾದುದು, ೬,೨೦೦ ಅಡಿಗೂ ಮಿಕ್ಕುದು. ಕಡಲ ತೀರದಲ್ಲಿ ೩೦ ಅಂಗುಲ ನಿಲ್ಲುವ ಪಾದರಸವು ಅದರ ನೆತ್ತಿಯಲ್ಲಿ ಸುಮಾರು ೨೪ ಅಂಗುಲ ಮಾತ್ರ ನಿಲ್ಲುವುದು. ನೀರಿನ ಕಂಬವು ೨೭ ಅಡಿಗೆ ತಗ್ಗುವುದು.

ಘಟ್ಟದ ಕೆಳಗಿನ ಗದ್ದೆ ತೋಟಗಳಲ್ಲಿ ಎತ್ತರದಿಂದಾಗುವ ಈ ಕಡಿತವು ಅಲ್ಪ. ಘಟ್ಟದ ಮೇಲೆ ಜಮೀನುಳ್ಳವರು ಸಾವಿರ ಅಡಿಗೆ ಒಂದಡಿಗೂ ತುಸು ಹೆಚ್ಚಾಗಿ ಕಳೆಯತಕ್ಕದ್ದು. ಕೊಳವೆಯ ಉಜ್ಜುವಿಕೆ, ಸಂದುಗಳ ಸೋರಿಕೆ ಇವುಗಳಿಂದ ೩೪ ಅಡಿಯು ಎಲ್ಲಿಯೂ ಪೂರ್ಣವಾಗಿ ಕೈಗೆ ಸಿಗದು. ೨೦ ಅಡಿಯನ್ನು ನಂಬಬಹುದು.

ಆದುದರಿಂದ ಕಡುಬೇಸಗೆಯಲ್ಲಿ ಕಲ್ಲು ಕಟ್ಟಿದ ಹಗ್ಗದಿಂದ ನೀರಿನ ಆಳವನ್ನು ಅಳೆದು, ಆ ಮಟ್ಟದಿಂದ ೨೦ ಅಡಿಯೊಳಗೆ ಬಾವಿಯಲ್ಲಿಯೇ ಮೆಟ್ಟಿಲು ಕಡಿಸಿ ಪಂಪನ್ನು ಇಡತಕ್ಕದ್ದು. ಅಲ್ಲಿಂದ ಮೇಲಕ್ಕೆ ನೀರನ್ನು ತಳ್ಳುವುದು ಯಂತ್ರಬಲದ ಕೆಲಸ. ಅಲ್ಲಿ ಗಾಳಿಯ ಭಾರದ ಮಿತಿಯಿಲ್ಲ. ಎಣ್ಣೆಯ ಯಂತ್ರವನ್ನು ಮಾತ್ರ ಎಂದಿಗೂ ಬಾವಿಯೊಳಕ್ಕೆ ಇಳಿಸಲಾಗದು. ಅದರ ಹೊಗೆಯು ಆಳದಲ್ಲಿ ನಿಂತು ಕೆಲಸದಾಳುಗಳ ಪ್ರಾಣವನ್ನೇ ತೆಗೆಯುವುದು. ವಿದ್ಯುತ್ ಪಂಪಾದರೆ ಮೊದಲ ಮಳೆಗೆ ಮುಂಚೆ ಮೇಲಕ್ಕೆ ಎತ್ತಿಡಬೇಕು.