ಚೀಟಿ ಇಲ್ಲದ ಎಲೆ

ಹೋದ ವರ್ಷ ಸೆಮಿಸ್ಟರ್ ರಜೆ ಮುಗಿಸಿ ಬಂದಾಗ ವರ್ಕ್‌ಶಾಪ್ ಹಿಂದಿನ ದೊಡ್ಡ ಮಳೆಮರ ಇರಲಿಲ್ಲ. ಪಾರ್ಕಿಂಗ್‌ಗೆ ಜಾಗ ಬೇಕಿತ್ತಂತೆ. ಆ ಮರದ ಬಗ್ಗೆ ಒಂದು ಪುಟ ಬರೆಯೋಣ ಅಂತ ಸಂಘದವರೆಲ್ಲ ಕೂತೆವು. ಅದು ಯಾವ ತಿಂಗಳು ಹೂ ಬಿಡುತ್ತಿತ್ತು? ತುದಿಯಲ್ಲಿ ಗೂಡು ಕಟ್ಟುತ್ತಿದ್ದದ್ದು ಹದ್ದೋ ಗರುಡವೋ? ಮೂರು ವರ್ಷ ಅದರ ನೆರಳಲ್ಲಿ ಟೀ ಕುಡಿದವರು ನಾವು, ಒಬ್ಬರಿಗೂ ಗೊತ್ತಿರಲಿಲ್ಲ. ಫೋನ್‌ಗಳಲ್ಲಿ ನೂರಾರು ಫೋಟೋ ಇದ್ದವು. ಎಲ್ಲದರಲ್ಲೂ ನಮ್ಮ ಮುಖಗಳೇ, ಮರ ಹಿಂದೆ ಎಲ್ಲೋ ಮಸುಕಾಗಿ. ಒಬ್ಬಳ ನೋಟ್‌ಬುಕ್ಕಿನಲ್ಲಿ ಮಾತ್ರ ಒಂದು ಒಣಗಿದ ಎಲೆ ಸಿಕ್ಕಿತು. ಆದರೆ ಅದು ಆ ಮರದ್ದೇನಾ, ಯಾವಾಗ ಇಟ್ಟದ್ದು ಅಂತ ಅವಳಿಗೂ ನೆನಪಿಲ್ಲ.

ಆ ಎಲೆ ನೋಡಿದ ಮೇಲೆ ನಾವು ನಿಸರ್ಗದ ಸಂಗ್ರಹಗಳ ಬಗ್ಗೆ ಓದೋಕೆ ಶುರು ಮಾಡಿದೆವು. ಮ್ಯೂಸಿಯಂ ಅಂದರೆ ಹುಲ್ಲು ತುಂಬಿದ ಹುಲಿ, ಗಾಜಿನ ಸೀಸೆಯಲ್ಲಿ ಹಾವು ಅಂತಲೇ ನಾವೂ ಅಂದುಕೊಂಡಿದ್ದು. ಒಂದು ಮೊಟ್ಟೆಯ ಕಥೆ ಆ ಅಭಿಪ್ರಾಯವನ್ನು ಬದಲಿಸಿತು. ಅದನ್ನೇ ಮೊದಲು ಹೇಳ್ತೀವಿ.

ಮೊಟ್ಟೆಯ ಲೆಕ್ಕ

1960ರ ಸುಮಾರಿಗೆ ಬ್ರಿಟನ್ನಿನಲ್ಲಿ ರೇಸಿನ ಪಾರಿವಾಳ ಸಾಕುವವರು ಒಂದು ದೂರು ಕೊಟ್ಟರು. ಪೆರಿಗ್ರಿನ್ ಫಾಲ್ಕನ್ ಅನ್ನೋ ಡೇಗೆ ಜಾತಿಯ ಹಕ್ಕಿ ವಿಪರೀತ ಹೆಚ್ಚಾಗಿದೆ, ನಮ್ಮ ಪಾರಿವಾಳಗಳನ್ನು ತಿಂದು ಹಾಕುತ್ತಿದೆ ಅಂತ. ಸರಿ, ಎಣಿಸೋಣ ಅಂತ ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಸಮೀಕ್ಷೆ ನಡೆಯಿತು. ಫಲಿತಾಂಶ ಪೂರ್ತಿ ಉಲ್ಟಾ. ಹಕ್ಕಿಗಳು ಹೆಚ್ಚಾಗಿರಲಿಲ್ಲ, ಎಷ್ಟೋ ಕಡೆ ಗೂಡುಗಳೇ ಖಾಲಿ. ಇದ್ದ ಗೂಡುಗಳಲ್ಲೂ ಮೊಟ್ಟೆಗಳು ಒಡೆದಿದ್ದವು.

ಚಿಪ್ಪು ತೆಳುವಾಗಿರಬಹುದೇ ಅನ್ನೋ ಅನುಮಾನ ಬಂತು. ಆದರೆ ತೆಳುವಾಗಿದೆ ಅನ್ನಬೇಕಾದರೆ ಮೊದಲು ಎಷ್ಟು ದಪ್ಪ ಇತ್ತು ಅಂತ ಗೊತ್ತಿರಬೇಕಲ್ಲ? ಹಿಂದೆ ಹೋಗಿ ಅಳೆಯೋದು ಹೇಗೆ?

ಉತ್ತರ ಮ್ಯೂಸಿಯಂಗಳ ಮತ್ತು ಹವ್ಯಾಸಿಗಳ ಪೆಟ್ಟಿಗೆಗಳಲ್ಲಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಹಕ್ಕಿ ಮೊಟ್ಟೆ ಕೂಡಿಡೋದು ಒಂದು ಹುಚ್ಚು. ಸಣ್ಣ ತೂತು ಕೊರೆದು ಒಳಗಿನದ್ದನ್ನು ಊದಿ ತೆಗೆದು, ಬರೀ ಚಿಪ್ಪನ್ನು ಜೋಪಾನ ಮಾಡುತ್ತಿದ್ದರು. ಜೊತೆಗೆ ಯಾವ ಊರು, ಯಾವ ದಿನ ಅಂತ ಬರೆದಿಡುತ್ತಿದ್ದರು.

ಈಗ ನಮ್ಮ ಥರದವರಿಗೆ ಇಷ್ಟವಾಗೋ ಭಾಗ. ಮೊಟ್ಟೆಯನ್ನು ಒಡೆಯದೆ ಚಿಪ್ಪಿನ ದಪ್ಪ ಅಳೆಯಬೇಕು. ರ‍್ಯಾಟ್‌ಕ್ಲಿಫ್ ಮಾಡಿದ್ದು ಇಷ್ಟೇ: ಚಿಪ್ಪಿನ ತೂಕವನ್ನು ಮಿಲಿಗ್ರಾಂನಲ್ಲಿ ತೆಗೆದುಕೊಂಡು, ಮಿಲಿಮೀಟರ್‌ನಲ್ಲಿ ಅಳೆದ ಉದ್ದ ಮತ್ತು ಅಗಲದ ಗುಣಲಬ್ಧದಿಂದ ಭಾಗಿಸಿದರು. ಅದೇ ಅಳತೆಯ ಮೊಟ್ಟೆ ಹಗುರವಾಗಿದ್ದರೆ ಚಿಪ್ಪು ತೆಳುವಾಗಿದೆ ಅಂತ ಅರ್ಥ. ಒಂದು ತಕ್ಕಡಿ, ಒಂದು ಕ್ಯಾಲಿಪರ್, ಅಷ್ಟೇ ಸಾಕಾಯಿತು.

ನೂರಾರು ಮೊಟ್ಟೆಗಳ ಲೆಕ್ಕವನ್ನು ವರ್ಷದ ಪ್ರಕಾರ ಗ್ರಾಫ್ ಹಾಕಿದಾಗ, ಅಲ್ಲಿಯವರೆಗೂ ಹೆಚ್ಚುಕಡಿಮೆ ನೇರವಾಗಿದ್ದ ರೇಖೆ 1947ರ ಸುಮಾರಿಗೆ ದಿಢೀರನೆ ಕೆಳಗೆ ಬಿದ್ದಿತ್ತು. ಇಳಿಕೆ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು. ಡಿಡಿಟಿ ಕೀಟನಾಶಕ ವ್ಯಾಪಕ ಬಳಕೆಗೆ ಬಂದದ್ದೂ ಆಗಲೇ. ಈ ಲೇಖನ 1967ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷ ಅಮೆರಿಕದ ಹಿಕ್ಕಿ ಮತ್ತು ಆಂಡರ್ಸನ್ ತಮ್ಮಲ್ಲಿನ ಸಂಗ್ರಹಗಳಲ್ಲೂ ಇದನ್ನೇ ಕಂಡರು. ಡಿಡಿಟಿ ಹಕ್ಕಿಯ ದೇಹದಲ್ಲಿ ಡಿಡಿಇ ಆಗಿ ಉಳಿದು, ಚಿಪ್ಪಿಗೆ ಸೇರಬೇಕಾದ ಕ್ಯಾಲ್ಸಿಯಂ ಅನ್ನು ತಡೆಯುತ್ತದೆ. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆದುಹೋಗುತ್ತದೆ. ಅಮೆರಿಕ 1972ರಲ್ಲಿ ಡಿಡಿಟಿಯ ಬಹುತೇಕ ಬಳಕೆಯನ್ನು ನಿಷೇಧಿಸಿತು. ಪೆರಿಗ್ರಿನ್ ಚೇತರಿಸಿಕೊಂಡು, 1999ರಲ್ಲಿ ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು.

ಮೊಟ್ಟೆ ಕದ್ದವರನ್ನು ಹೊಗಳೋದು ನಮ್ಮ ಉದ್ದೇಶ ಅಲ್ಲ. ಆ ಹವ್ಯಾಸದಿಂದ ಹಕ್ಕಿಗಳಿಗೆ ತೊಂದರೆಯೇ ಆಗಿದ್ದು. ನಾವು ಗಮನಿಸಬೇಕಾದದ್ದು ಬೇರೆ. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆ ಅಂತ ಗೊತ್ತಾದದ್ದೇ 1939ರಲ್ಲಿ. ಅದಕ್ಕೂ ಎಷ್ಟೋ ಮೊದಲು ಮೊಟ್ಟೆ ಎತ್ತಿಟ್ಟವರಿಗೆ ಮುಂದೆ ಇಂಥ ಪ್ರಶ್ನೆ ಬರುತ್ತೆ ಅಂತ ಕನಸೂ ಬಿದ್ದಿರಲಿಕ್ಕಿಲ್ಲ. ಆದರೂ ಅವರ ಸಂಗ್ರಹ ಉತ್ತರ ಕೊಟ್ಟಿತು. ಕಾರಣ, ಮೊಟ್ಟೆಯ ಜೊತೆ ಒಂದು ಚೀಟಿ ಇತ್ತು, ಚೀಟಿಯಲ್ಲಿ ದಿನಾಂಕ ಇತ್ತು. ಚೀಟಿ ಇಲ್ಲದಿದ್ದರೆ ಅದು ಟೈಮ್‌ಸ್ಟ್ಯಾಂಪ್ ಇಲ್ಲದ ಸೆನ್ಸರ್ ರೀಡಿಂಗ್ ಇದ್ದ ಹಾಗೆ. ಯಾವ ಗ್ರಾಫಿಗೂ ಹಾಕೋಕೆ ಬರಲ್ಲ.

ಎಲೆಗಳೂ ಹೇಳುತ್ತವೆ

ಗಿಡಗಳದ್ದೂ ಇದೇ ಕಥೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಡುವ ಸಂಗ್ರಹಕ್ಕೆ ಹರ್ಬೇರಿಯಂ ಅಂತಾರೆ. 1987ರಲ್ಲಿ ಇಯಾನ್ ವುಡ್‌ವರ್ಡ್ ಎಂಬುವರು ಇಂಥ ಹಳೆಯ ಎಲೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪತ್ರರಂಧ್ರಗಳನ್ನು ಎಣಿಸಿದರು. 200 ವರ್ಷಗಳಲ್ಲಿ ಅವುಗಳ ಸಾಂದ್ರತೆ ಸುಮಾರು ಶೇಕಡಾ 40ರಷ್ಟು ಇಳಿದಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಂತೆ ಎಲೆಗಳಿಗೆ ಅಷ್ಟೊಂದು ರಂಧ್ರ ಬೇಕಾಗಲಿಲ್ಲ.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ಆಗಿದೆ. ಸೆಸಿಲ್ ಸಲ್ಡಾನ್ಹಾ ಮತ್ತು ಡ್ಯಾನ್ ನಿಕೋಲ್ಸನ್ ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕರ್ನಾಟಕದ ಗಿಡಗಳ ಹರ್ಬೇರಿಯಂ ಇದೆ. ಮೈಸೂರಿಗೆ ಹೋದರೆ ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಇರುವ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯ ನೋಡಿ ಬನ್ನಿ. ಅಲ್ಲಿ ಪ್ರಾಣಿಯ ಜೊತೆ ಸೆಲ್ಫಿ ತೆಗೆಯೋ ಮೊದಲು ಕೆಳಗಿನ ಬರಹ ಓದಿ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಿಕ್ಕರೆ ಬಿಡಬೇಡಿ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ನೋಡೋಕೆ ಹೊರಟ ಮೇಷ್ಟ್ರ ಪುಸ್ತಕ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು.

ಒಂದು ಹಾಳೆ ಮಾಡೋದು ಹೇಗೆ?

ಕ್ಯಾಂಪಸ್ಸಿನ ಒಂದು ಮರ ಆರಿಸಿಕೊಳ್ಳಿ. ಹೂ ಅಥವಾ ಕಾಯಿ ಇರುವ ಸಣ್ಣ ಕೊಂಬೆಯೇ ಬೇಕು, ಬರೀ ಎಲೆಯಿಂದ ಗುರುತು ಹಿಡಿಯೋದು ಕಷ್ಟ. ನ್ಯೂಸ್‌ಪೇಪರ್ ನಡುವೆ ಹರಡಿ, ಒಂದೆರಡು ಎಲೆಯ ಬೆನ್ನು ಕಾಣುವಂತೆ ಮಗುಚಿಡಿ. ಮೇಲೆ ಭಾರ ಹೇರಿ (ಥರ್ಮೋಡೈನಮಿಕ್ಸ್ ಪುಸ್ತಕಕ್ಕೆ ಕೊನೆಗೂ ಒಂದು ಉಪಯೋಗ). ಮೊದಲ ಕೆಲವು ದಿನ ಪೇಪರ್ ದಿನಾ ಬದಲಾಯಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ.

ಬಲಗಡೆ ಕೆಳಮೂಲೆಯಲ್ಲಿ ಚೀಟಿ. ಅದರಲ್ಲಿ ಇರಬೇಕಾದ್ದು: ಕನ್ನಡದ ಹೆಸರು, ವೈಜ್ಞಾನಿಕ ಹೆಸರು, ಜಾಗ, ಜಿಪಿಎಸ್, ದಿನಾಂಕ, ಮರದ ಎತ್ತರ, ಹೂವಿನ ಬಣ್ಣ, ಸಂಗ್ರಹಿಸಿದವರ ಹೆಸರು. ಹೂವಿನ ಬಣ್ಣ ಅಲ್ಲೇ ನಿಂತು ಬರೆಯಿರಿ, ಒಣಗಿದ ಮೇಲೆ ಅದು ಉಳಿಯಲ್ಲ. ಹೆಸರು ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಿ, ಆಮೇಲೆ ತುಂಬಬಹುದು. ದಿನಾಂಕ ಮಾತ್ರ ಆಮೇಲೆ ತುಂಬೋಕಾಗಲ್ಲ.

ಒಂದು ಎಚ್ಚರಿಕೆ: ಇದು ನಮ್ಮ ಆವರಣದ ಸಾಮಾನ್ಯ ಗಿಡಮರಗಳಿಗೆ ಮಾತ್ರ, ಅದೂ ಕೇಳಿಕೊಂಡು. ಟ್ರೆಕ್ಕಿಂಗ್ ಹೋದ ಕಾಡಿನಿಂದ ಏನನ್ನೂ ಕಿತ್ತು ತರಬೇಡಿ. ಗೂಡು, ಮೊಟ್ಟೆ ಮುಟ್ಟಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹಕ್ಕಿ, ಚಿಟ್ಟೆಗಳಿಗೆ ಫೋಟೋ ಸಾಕು. ಅದನ್ನು ಐನ್ಯಾಚುರಲಿಸ್ಟ್‌ಗೆ ಜಾಗ, ದಿನಾಂಕದ ಸಮೇತ ಹಾಕಿದರೆ ಅದೂ ಚೀಟಿ ಇರುವ ಮಾದರಿಯೇ. ಮರ ಯಾವಾಗ ಚಿಗುರಿತು, ಯಾವಾಗ ಹೂ ಬಿಟ್ಟಿತು ಅಂತ ವಾರ ವಾರ ದಾಖಲಿಸೋಕೆ ಸೀಸನ್‌ವಾಚ್ ಇದೆ.

ನಾವು ಲೈಬ್ರರಿ ಪಕ್ಕದ ಹೊಂಗೆಯಿಂದ ಶುರು ಮಾಡಿದ್ದೇವೆ. ಯುಗಾದಿ ಹೊತ್ತಿಗೆ ಹೂ ಬಂತು, ಮೊದಲ ಹಾಳೆ ಸಂಘದ ಬೀರುವಿನಲ್ಲಿದೆ. ನೋಟ್‌ಬುಕ್ಕಿನ ಆ ಹಳೆಯ ಎಲೆಯನ್ನೂ ಒಂದು ಹಾಳೆಗೆ ಅಂಟಿಸಿದೆವು. ಅದರ ಚೀಟಿಯಲ್ಲಿ ಎಲ್ಲ ಸಾಲೂ ಖಾಲಿ. ಬೀರು ತೆರೆದವರಿಗೆ ಮೊದಲು ಕಾಣೋದು ಅದೇ.