ಮುಂಗಡಕ್ಕೆ ಮೊದಲು ಕಂಪನಿಯ ಕಡತ ನೋಡಿ

ಮಂಗಳೂರಿನ ಕದ್ರಿಯಲ್ಲೋ ಕೊಟ್ಟಾರದಲ್ಲೋ ಫ್ಲಾಟ್ ಬುಕ್ ಮಾಡುವ ಮುನ್ನ ಬಿಲ್ಡರ್ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದೆಯೇ ಎಂದು ನೀವೇ ಪರಿಶೀಲಿಸಿ. ನೋಂದಾಯಿತ ಕಚೇರಿ ಮಂಗಳೂರಿನಲ್ಲಿದ್ದರೂ ಪ್ರಕರಣ ನಡೆಯುವುದು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಲ್ಲ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠದಲ್ಲಿ. ಅದರ ಜಾಲತಾಣದಲ್ಲಿ ಆದೇಶಗಳು ಸಿಗುತ್ತವೆ. ದಿವಾಳಿ ಪ್ರಕ್ರಿಯೆಗಳ ನಿಯಂತ್ರಕ ಮಂಡಳಿ ಐಬಿಬಿಐ ತಾಣದಲ್ಲಿ ಸಾರ್ವಜನಿಕ ಪ್ರಕಟಣೆ ಸಿಗುತ್ತದೆ.

ಹೆಸರೊಂದನ್ನೇ ನಂಬಬೇಡಿ. ಒಂದೇ ಬಗೆಯ ಹೆಸರಿನ ಕಂಪನಿಗಳು ಎಷ್ಟೋ ಇವೆ. ಕಂಪನಿಯ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ (ಸಿಐಎನ್) ಹಿಡಿದು ತಾಳೆ ನೋಡಿ. ಯಾರೋ ಅರ್ಜಿ ಹಾಕಿದ ಮಾತ್ರಕ್ಕೆ ಕಂಪನಿ ಮುಳುಗಿತು ಎಂದಲ್ಲ. ಪೀಠ ಅರ್ಜಿಯನ್ನು ಅಂಗೀಕರಿಸಿದೆಯೇ, ಮೇಲ್ಮನವಿಯಲ್ಲಿ ತಡೆ ಬಂದಿದೆಯೇ ಎಂಬುದೇ ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ಪುರಾವೆಯಲ್ಲ.

ದಿವಾಳಿ ಪ್ರಕ್ರಿಯೆಯಲ್ಲಿರುವ ಕಂಪನಿಗೆ ಈಗಾಗಲೇ ಹಣ ಕೊಟ್ಟಿದ್ದೀರಾ? ಧೈರ್ಯಗೆಡಬೇಡಿ. 2018ರಿಂದ ಮನೆ ಖರೀದಿದಾರರೂ ಹಣಕಾಸು ಸಾಲಿಗರೇ, ಅಂದರೆ ಕಂಪನಿಗೆ ಸಾಲ ಕೊಟ್ಟವರಂತೆಯೇ. ಪ್ರಕಟಣೆಯಲ್ಲಿರುವ ಕೊನೆಯ ದಿನಾಂಕದೊಳಗೆ, ರಸೀದಿಗಳ ಸಮೇತ ಫಾರ್ಮ್ ಸಿಎಯಲ್ಲಿ ನಿಮ್ಮ ಹಕ್ಕುಕೋರಿಕೆ ಸಲ್ಲಿಸಿ.