ಕಾಲರಾ ಮೂಲ ಪತ್ತೆಯಲ್ಲಿ ಜೀನೋಮ್ ವಿಶ್ಲೇಷಣೆ: ಅಧ್ಯಯನ ಪಾಠ

ಕಾಲರಾ ರೋಗಾಣುವಿನ ಜೀನೋಮ್ ಸುಮಾರು 40 ಲಕ್ಷ ಅಕ್ಷರಗಳ ದೀರ್ಘ ಬರಹದಂತಿದೆ. ರೋಗಾಣು ವೃದ್ಧಿಸುವಾಗ ಅಪರೂಪಕ್ಕೊಮ್ಮೆ ಒಂದು ಅಕ್ಷರ ಬದಲಾಗಿ, ಆ ಬದಲಾವಣೆ ಮುಂದಿನ ಪೀಳಿಗೆಗೂ ಸಾಗುತ್ತದೆ. ಆದುದರಿಂದ ಎರಡು ಮಾದರಿಗಳ ನಡುವೆ ವ್ಯತ್ಯಾಸ ಕಡಿಮೆಯಿದ್ದಷ್ಟೂ ಅವುಗಳ ಸಂಬಂಧ ಹತ್ತಿರದ್ದಾಗಿರುತ್ತದೆ.

ಹೈಟಿ ದೇಶದ ಪ್ರಕರಣ ಇದಕ್ಕೆ ನಿದರ್ಶನ. ಕನಿಷ್ಠ ಒಂದು ಶತಮಾನ ಕಾಲರಾ ವರದಿಯಾಗದಿದ್ದ ಅಲ್ಲಿ, ಭೂಕಂಪ ಸಂಭವಿಸಿದ 2010ರ ಅಕ್ಟೋಬರ್‌ನಲ್ಲಿ ರೋಗ ಕಾಣಿಸಿಕೊಂಡಿತು. ಭೂಕಂಪ ನಡೆದದ್ದು ಜನವರಿಯಲ್ಲಿ. ರೋಗಾಣು ಕರಾವಳಿಯ ನೀರಿನಲ್ಲಿಯೇ ಇದ್ದಿತೇ, ಹೊರಗಿನಿಂದ ಬಂದಿತೇ ಎಂಬ ಪ್ರಶ್ನೆ ಎದ್ದಿತು. 2011ರಲ್ಲಿ ನೇಪಾಳದ 24 ಹಾಗೂ ಹೈಟಿಯ 3 ಮಾದರಿಗಳನ್ನು ಹೋಲಿಸಿದಾಗ, ನೇಪಾಳದ ಕೆಲವು ಮಾದರಿಗಳಿಗೂ ಹೈಟಿಯವುಗಳಿಗೂ ಒಂದೆರಡು ಅಕ್ಷರಗಳಷ್ಟೇ ವ್ಯತ್ಯಾಸ ಕಂಡುಬಂದಿತು.

ಜೀನೋಮ್ ಸಾಕ್ಷ್ಯ ನಂಟನ್ನು ತೋರಿಸುತ್ತದೆ. ರೋಗ ಸಾಗಿದ ದಾರಿಯನ್ನು ಅದೊಂದೇ ತಿಳಿಸಲಾರದು. ನೇಪಾಳದ ಯೋಧರಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರದ ಕೆಳಹರಿವಿನಲ್ಲಿ, ಆರ್ಟಿಬೋನೈಟ್ ನದಿಗೆ ಸೇರುವ ಹೊಳೆಯ ಬಳಿ ಮೊದಲ ರೋಗಿಗಳಿದ್ದರೆಂಬುದನ್ನು ಕ್ಷೇತ್ರ ತನಿಖೆ ತೋರಿಸಿತು. ಎರಡೂ ಸಾಕ್ಷ್ಯಗಳು ಪರಸ್ಪರ ಹೊಂದಿದವು. ಸುಮಾರು 10,000 ಜನರ ಸಾವಿನ ನಂತರ, 2016ರಲ್ಲಿ ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೋರಿದರು.

ಪಾಠದ ಸಾರ: ಪ್ರಯೋಗಾಲಯದ ಉತ್ತರ ಕ್ಷೇತ್ರದ ಮಾದರಿಯನ್ನೇ ಅವಲಂಬಿಸಿದೆ. ಕಾಲರಾ ಶಂಕೆಯಿದ್ದಲ್ಲಿ ಸಾಧ್ಯವಾದಷ್ಟೂ ಪ್ರತಿಜೀವಕ ನೀಡುವ ಮೊದಲೇ ಮಲದ ಮಾದರಿ ಸಂಗ್ರಹಿಸಿ, ರೋಗಿಯ ಊರು, ರೋಗ ಆರಂಭವಾದ ದಿನಾಂಕ ಹಾಗೂ ಕುಡಿಯುವ ನೀರಿನ ಮೂಲವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಮಾದರಿ ಸಂಗ್ರಹದ ಕಾರಣಕ್ಕೆ ಓ.ಆರ್.ಎಸ್. ಚಿಕಿತ್ಸೆಯನ್ನಾಗಲಿ, ನೀರಿನ ಕ್ಲೋರಿನೀಕರಣವನ್ನಾಗಲಿ ವಿಳಂಬಿಸಬಾರದು.